ಶುಶ್ರೂಷಕಿಯ ಮಾತನ್ನು ಕೇಳುವವರಾರು?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ, ಬೆಂಗಳೂರಿನ ದೊಡ್ಡದೊಂದು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷಗಳಿಂದ ದಾದಿಯಾಗಿರುವ ಹೆಣ್ಣುಮಗಳೊಬ್ಬಳು ವಾಸವಾಗಿದ್ದಾಳೆ. ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಕಾಲದಿಂದ ನಾನು ಬಲ್ಲ ಹುಡುಗಿಯಾದುದರಿಂದ ನನ್ನನ್ನು ಮಾವ ಎಂದು ಕರೆಯುವ ಸಲಿಗೆ ಅವಳಿಗುಂಟು. 2021ರ ಬೇಸಗೆಯಲ್ಲಿ, ಕೊರೋನಾದ ಎರಡನೆಯ ಅಲೆ ನಮ್ಮ ನಗರದ ಮೇಲೆ ಬಂದೆರಗಿ, ಒಂದು ಹಾಸಿಗೆಗಾಗಿ, ಒಂದು ಆಮ್ಲಜನಕದ ಸಿಲಿಂಡರಿಗಾಗಿ ಜನ ಊರೆಲ್ಲ ಅಲೆಯುತ್ತಿದ್ದ ಆ ವಾರಗಳನ್ನು ಅವಳು ತೀವ್ರನಿಗಾ ಘಟಕದಲ್ಲಿ ಕಳೆದಳು. ಅಲೆ ಇಳಿಯಿತು. ಅವಳು ಎಂದಿನಂತೆ ನಗುತ್ತ, ಎಂದಿನಂತೆ ತಾಯಿಗೆ ತರಕಾರಿ ತಂದುಕೊಡುತ್ತ, ಎಂದಿನಂತೆ ಡ್ಯೂಟಿಗೆ ಹೋಗಿಬರುತ್ತ ಇದ್ದಳು. ಆದರೆ ಆ ಬೇಸಗೆಯ ಅನಂತರ ಅವಳ ಮೊಬೈಲು ಸದ್ದುಮಾಡಿದುದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಬೇರೆಯವರ ಮೊಬೈಲು ಹಠಾತ್ತನೆ ಮೊಳಗಿದರೆ ಅವಳ ಕೈಯಲ್ಲಿನ ಲೋಟ ಅಲುಗುವುದನ್ನು ಮಾತ್ರ ಕಂಡಿದ್ದೆ. ಏಕೆಂದು ಕೇಳಿದಾಗ "ಆಮೇಲೆ ಹೇಳ್ತೀನಿ ಮಾವ" ಎಂದಳು. ಆ 'ಆಮೇಲೆ' ಬರುವುದಕ್ಕೆ ಮೂರು ವರ್ಷಗಳೇ ಹಿಡಿದುವು.

ದಾದಿಯ ಕೆಲಸವನ್ನು ನಾವು ಗೌರವದಿಂದ ಶುಶ್ರೂಷೆಯೆಂದು ಕರೆಯುತ್ತೇವೆ. ಈ ಶಬ್ದದ ಮೂಲವನ್ನು ಹುಡುಕಿಕೊಂಡು ಹೋದವನಿಗೆ ಒಂದು ಆಶ್ಚರ್ಯ ಕಾದಿರುತ್ತದೆ. 'ಶ್ರು' ಎಂದರೆ ಕೇಳು. ಅದರ ಇಚ್ಛಾರ್ಥಕ ರೂಪದಿಂದ ಹುಟ್ಟಿದ 'ಶುಶ್ರೂಷಾ' ಎಂಬುದಕ್ಕೆ ಕೇಳಬೇಕೆಂಬ ಬಯಕೆ ಎಂಬುದೇ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಬಯಸುವವನು ಗುರುವಿನ ಬಳಿಯಿದ್ದು ಸೇವೆಮಾಡುತ್ತಾನಾಗಿ ಆ ಪದಕ್ಕೆ ಸೇವೆಯೆಂಬ ಅರ್ಥ ಬಂದಿತು. ಸೇವೆಗಳಲ್ಲೆಲ್ಲ ಕಠಿನತರವಾದುದು ರೋಗಿಯ ಸೇವೆಯಾದುದರಿಂದಲೋ ಏನೋ, ಕೊನೆಗೆ ಅದು ರೋಗಿಯ ಆರೈಕೆಯಲ್ಲಿ ಬಂದು ನೆಲಸಿತು. ಹೀಗೆ ನೋಡಿದರೆ ಶುಶ್ರೂಷಕಿಯು ಎಲ್ಲಕ್ಕಿಂತ ಮೊದಲು ಕೇಳುವವಳು: ನರಳಿಕೆಯನ್ನು, ಉಸಿರಿನ ಏರಿಳಿತವನ್ನು, ಯಂತ್ರದ ಕೂಗನ್ನು, ನಡುರಾತ್ರಿಯ ಭಯವನ್ನು ಕೇಳುವವಳು. ಅವಳು ಕೇಳಿ ತಿಳಿದುದನ್ನು ಹೇಳಹೊರಟಾಗ ಅದನ್ನು ಕೇಳುವವರಿಲ್ಲದೆ ಹೋದರೆ ಏನಾಗುತ್ತದೆಂಬುದೇ ಈ ಲೇಖನದ ವಿಷಯ. ಸಾಂಕ್ರಾಮಿಕದ ಕಾಲದಲ್ಲಿ ದಾದಿಯರ ಮನಸ್ಸಿಗಾದ ಗಾಯಗಳಲ್ಲಿ ಬಹುಭಾಗವು ರೋಗದಿಂದಲೇ ಆದುದಲ್ಲವೆಂದೂ, ಹೇಳಿದ ಮಾತು ಯಾರ ಕಿವಿಗೂ ಬೀಳದೆ ಹೋದುದರಿಂದ ಆದುದೆಂದೂ ನಾನು ತಿಳಿದಿದ್ದೇನೆ. ಹಾಗೆ ತಿಳಿಯುವುದಕ್ಕೆ ಕಾರಣವಾದ ವೃತ್ತಾಂತವು ಬಹುದೂರದ ಒಂದು ನಗರದ್ದು.

2003ನೆಯ ಇಸವಿಯ ಫೆಬ್ರವರಿ ತಿಂಗಳ ಕೊನೆಯಲ್ಲಿ ಹಾಂಗ್‌ಕಾಂಗಿನಿಂದ ಕೆನಡಾದ ಟೊರಾಂಟೊ ನಗರಕ್ಕೆ ಮರಳಿದ ವೃದ್ಧೆಯೊಬ್ಬಳು, ತಾನು ತಂಗಿದ್ದ ಹೋಟೆಲಿನಿಂದ ಸಾರ್ಸ್ ಎಂದು ಮುಂದೆ ಹೆಸರಾದ ಶ್ವಾಸರೋಗವನ್ನು ತನಗರಿವಿಲ್ಲದೆಯೇ ಹೊತ್ತು ತಂದಿದ್ದಳು. ಮಾರ್ಚ್ 5ರಂದು ಆಕೆ ಮನೆಯಲ್ಲೇ ತೀರಿಕೊಂಡಳು. ಎರಡು ದಿನಗಳ ಅನಂತರ ಆಕೆಯ ಮಗನು ಅದೇ ರೋಗವನ್ನು ಹೊತ್ತು ಸ್ಕಾರ್ಬರೋ ಬಡಾವಣೆಯ ಆಸ್ಪತ್ರೆಯೊಂದರ ತುರ್ತುಚಿಕಿತ್ಸಾ ವಿಭಾಗಕ್ಕೆ ಬಂದು, ಇತರ ರೋಗಿಗಳ ನಡುವೆ ಇರುಳನ್ನು ಕಳೆದನು. ಅಲ್ಲಿಂದ ಮುಂದೆ ಆ ರೋಗವು ಊರಿನ ಬೀದಿಗಳಲ್ಲಿ ಹಬ್ಬಿದುದಕ್ಕಿಂತ ಹೆಚ್ಚಾಗಿ ಆಸ್ಪತ್ರೆಗಳ ಓಣಿಗಳಲ್ಲೇ ಹಬ್ಬಿತು. ಕೆನಡಾದಲ್ಲಿ ಸೋಂಕು ತಗುಲಿದವರೂ ತಗುಲಿತೆಂದು ಶಂಕಿಸಲ್ಪಟ್ಟವರೂ ಒಟ್ಟು 438 ಮಂದಿ; ಅವರಲ್ಲಿ 44 ಮಂದಿ ಮಡಿದರು. ರೋಗಕ್ಕೆ ತುತ್ತಾದವರಲ್ಲಿ ಐದರಲ್ಲೆರಡು ಪಾಲಿಗೂ ಮೀರಿದವರು ಆಸ್ಪತ್ರೆಯ ಸಿಬ್ಬಂದಿಯೇ ಆಗಿದ್ದರೆಂಬುದನ್ನು ಓದುಗರು ಗಮನಿಸಬೇಕು.

ದಾದಿಯರಿಗೆ ಆ ವಸಂತಕಾಲವು ಒಂದು ವಿಲಕ್ಷಣವಾದ ಸೆರೆವಾಸವಾಗಿ ಪರಿಣಮಿಸಿತು. ಸೋಂಕಿನ ಸಂಪರ್ಕಕ್ಕೆ ಬಂದವರು ಹತ್ತು ದಿನ ಮನೆಯಲ್ಲೇ ಇರಬೇಕೆಂಬುದು ನಿಯಮವಾಗಿತ್ತು. ಆದರೆ ಎಲ್ಲ ದಾದಿಯರೂ ಮನೆಯಲ್ಲೇ ಉಳಿದರೆ ರೋಗಿಗಳನ್ನು ನೋಡುವವರಾರು? ಆದುದರಿಂದ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ, ನಡುವೆ ಎಲ್ಲಿಯೂ ನಿಲ್ಲದೆ ಹೋಗಿಬರಬೇಕು, ಮನೆಯಲ್ಲಿಯೂ ಮುಖಕವಚ ಧರಿಸಿರಬೇಕು, ಬೇರೆ ಕೋಣೆಯಲ್ಲಿ ಮಲಗಬೇಕು, ಒಬ್ಬರೇ ಉಣ್ಣಬೇಕು ಎಂಬ ಏರ್ಪಾಡನ್ನು ಕಲ್ಪಿಸಿ, ಅದನ್ನು 'ಕೆಲಸದ ದಿಗ್ಬಂಧನ'ವೆಂದು ಕರೆದರು. ದಿನಕ್ಕೆ ಎರಡು ಬಾರಿ ಮೈಬಿಸಿಯನ್ನು ಅಳೆದುಕೊಳ್ಳುವಾಗ ಆ ಪುಟ್ಟ ನಳಿಗೆಯನ್ನು ನೋಡುತ್ತ ನಿಂತ ಕ್ಷಣಗಳು, ಬಾಗಿಲಾಚೆ ನಿಂತು ಅಮ್ಮನನ್ನು ಕರೆಯುವ ಮಗುವನ್ನು ಮುಟ್ಟಲಾರದ ಸಂಜೆಗಳು, 'ನಿಮ್ಮ ಹೆಂಡತಿ ದಾದಿಯಂತೆ, ನೀವು ಕೆಲವು ದಿನ ಕಚೇರಿಗೆ ಬಾರದಿದ್ದರೆ ಒಳಿತು' ಎಂಬ ಅರ್ಥದ ಮಾತನ್ನು ಗಂಡ ಮನೆಗೆ ತಂದ ದಿನಗಳು, ಇವೆಲ್ಲವೂ ಆ ಕಾಲದ ಅನುಭವದೊಳಗೆ ಸೇರಿದವು.

ಆದರೆ ಎಲ್ಲಕ್ಕಿಂತ ಆಳವಾದ ಗಾಯವು ಸಾರ್ಸ್ ಮುಗಿಯಿತೆಂದು ಎಲ್ಲರೂ ಭಾವಿಸಿದ ಹೊತ್ತಿನಲ್ಲಿ ಆಯಿತು. ಮೇ 14ರಂದು ವಿಶ್ವ ಆರೋಗ್ಯ ಸಂಸ್ಥೆಯು ಸೋಂಕು ಹರಡುತ್ತಿರುವ ಸ್ಥಳಗಳ ಪಟ್ಟಿಯಿಂದ ಟೊರಾಂಟೊ ನಗರದ ಹೆಸರನ್ನು ತೆಗೆದುಹಾಕಿತು. ಮೂರು ದಿನಗಳ ಬಳಿಕ ಆ ಪ್ರಾಂತ್ಯದ ಸರಕಾರವು ತುರ್ತುಪರಿಸ್ಥಿತಿಯನ್ನು ಹಿಂತೆಗೆದುಕೊಂಡಿತು. ಆ ವೇಳೆಗಾಗಲೇ ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯಲ್ಲಿ ಮುಖಕವಚ ಮೊದಲಾದ ರಕ್ಷಣೆಯ ಕ್ರಮಗಳು ಸಡಿಲಗೊಂಡಿದ್ದುವು. ಅಲ್ಲಿಯ ಮೂಳೆಚಿಕಿತ್ಸೆಯ ವಾರ್ಡಿನಲ್ಲಿ, ಎಲುಬು ಮುರಿದುಕೊಂಡು ಬಂದ ಮುದುಕರು ಒಬ್ಬರಾದಮೇಲೊಬ್ಬರು ಜ್ವರದಿಂದಲೂ ಕೆಮ್ಮಿನಿಂದಲೂ ಹಾಸಿಗೆ ಹಿಡಿಯುತ್ತಿರುವುದನ್ನು ದಾದಿಯರು ಕಂಡರು. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಒಬ್ಬೊಬ್ಬ ರೋಗಿಯನ್ನು ಪ್ರತ್ಯೇಕವಾಗಿ ನೋಡಿಹೋಗುವವರು. ಹಗಲಿರುಳು ವಾರ್ಡಿನಲ್ಲೇ ಇದ್ದು ಎಲ್ಲ ಹಾಸಿಗೆಗಳನ್ನೂ ಒಟ್ಟಿಗೆ ನೋಡುವವರು ದಾದಿಯರು. ಬಿಡಿಬಿಡಿಯಾಗಿ ನೋಡಿದರೆ ಸಾಮಾನ್ಯ ನ್ಯುಮೋನಿಯಾ ಎಂದು ತೋರುವುದು ಒಟ್ಟಿಗೆ ನೋಡಿದವರ ಕಣ್ಣಿಗೆ ಬೇರೆಯಾಗಿ ಕಾಣಿಸಿತು. ಇದು ಮತ್ತೆ ಅದೇ ರೋಗವೆಂದು ಅವರು ಹೇಳಿದರು. ಅಲ್ಲವೆಂಬ ಉತ್ತರ ಬಂದಿತು. ಮೇ 23ರಂದು ಎರಡನೆಯ ಬಾರಿಗೆ ಸಾರ್ಸ್ ತಲೆಯೆತ್ತಿದೆಯೆಂಬುದನ್ನು ಲೋಕಕ್ಕೆ ಸಾರಬೇಕಾಯಿತು. ಅದೇ ವಾರ್ಡಿನಲ್ಲಿ ಕೆಲಸಮಾಡುತ್ತಿದ್ದ ನೀಲಿಯಾ ಲರೋಜಾ ಎಂಬ ದಾದಿಯು ಜೂನ್ ಕೊನೆಯಲ್ಲಿ ಆ ರೋಗಕ್ಕೆ ಬಲಿಯಾದಳು. ಸೋಂಕು ತಗುಲಿದ ಸಹೋದ್ಯೋಗಿಗಳ ಆರೈಕೆಗೆಂದು ತಾನಾಗಿ ಮುಂದೆ ಬಂದಿದ್ದ ಟೆಕ್ಲಾ ಲಿನ್ ಎಂಬ ಇನ್ನೊಬ್ಬ ದಾದಿಯು ಜುಲೈಯಲ್ಲಿ ತೀರಿಕೊಂಡಳು.

ನ್ಯಾಯಮೂರ್ತಿ ಆರ್ಚಿ ಕ್ಯಾಂಬೆಲ್ಲರ ನೇತೃತ್ವದ ವಿಚಾರಣಾ ಆಯೋಗವು 2007ರ ಜನವರಿಯಲ್ಲಿ ಹೊರತಂದ ಅಂತಿಮ ವರದಿಯು ಈ ಪ್ರಕರಣವನ್ನು ಮುಚ್ಚುಮರೆಯಿಲ್ಲದೆ ಬಿಡಿಸಿಟ್ಟಿತು. ಅಪಾಯವನ್ನು ತಗ್ಗಿಸುವ ಕ್ರಮಕ್ಕೆ ಶಾಸ್ತ್ರೀಯ ನಿಶ್ಚಯಕ್ಕಾಗಿ ಕಾಯುತ್ತ ಕುಳಿತಿರಲಾಗದೆಂಬುದು ಅದರ ಮುಖ್ಯವಾದ ತೀರ್ಮಾನ. ಆದರೆ ತೀರ್ಮಾನ ಬೇರೆ, ಪರಿಹಾರ ಬೇರೆ. ರೋಗ ತಗುಲಿಸಿಕೊಂಡಿದ್ದ 53 ಮಂದಿ ದಾದಿಯರು ತಮ್ಮನ್ನು ಕಾಪಾಡುವುದರಲ್ಲಿ ಸರಕಾರ ತಪ್ಪಿತೆಂದು ಹೂಡಿದ್ದ ದಾವೆಯನ್ನು 2009ರಲ್ಲಿ ಅಲ್ಲಿಯ ಮೇಲ್ಮನವಿಯ ನ್ಯಾಯಾಲಯವು ತಳ್ಳಿಹಾಕಿತು. ಸರಕಾರದ ಹೊಣೆ ಸಮಸ್ತ ಜನತೆಯ ವಿಷಯದಲ್ಲಿರುವುದೇ ಹೊರತು ಈ ದಾದಿಯರ ವಿಷಯದಲ್ಲಿ ಪ್ರತ್ಯೇಕವಾಗಿ ಇಲ್ಲವೆಂಬುದು ಅದರ ಅಭಿಪ್ರಾಯದ ಸಾರ. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು; ನಾನು ನ್ಯಾಯಶಾಸ್ತ್ರವನ್ನು ಬಲ್ಲವನಲ್ಲ. ಪ್ರಾಣವನ್ನು ಪಣವಾಗಿಟ್ಟು ದುಡಿದ ಹೆಂಗಸೊಬ್ಬಳು ಆರು ವರ್ಷಗಳ ಅನಂತರ ಆ ವಾಕ್ಯವನ್ನು ಓದುವಾಗ ಅವಳ ಎದೆಯಲ್ಲಿ ಏನಾಗಿರಬಹುದೆಂದು ಯೋಚಿಸುವುದಕ್ಕೆ ನ್ಯಾಯಶಾಸ್ತ್ರ ಬೇಕಾಗಿಲ್ಲ.

ಈ ಎದೆಯೊಳಗಿನ ಸಂಗತಿಯನ್ನು ಅಳೆಯಲೆತ್ನಿಸಿದವರೂ ಉಂಟು. ರಾಬರ್ಟ್ ಮಾಂಡರ್ ಎಂಬ ಮನೋವೈದ್ಯರೂ ಅವರ ಸಂಗಡಿಗರೂ ಸಾರ್ಸ್ ಕಳೆದು ಒಂದು ವರ್ಷದಿಂದ ಎರಡು ವರ್ಷಗಳಷ್ಟು ಕಾಲ ಸಂದಮೇಲೆ, ಸಾರ್ಸ್ ರೋಗಿಗಳನ್ನು ಉಪಚರಿಸಿದ ಟೊರಾಂಟೊದ ಒಂಬತ್ತು ಆಸ್ಪತ್ರೆಗಳ ಸಿಬ್ಬಂದಿಯನ್ನೂ, ಸುಮಾರು 70 ಕಿಲೋಮೀಟರ್ ದೂರದಲ್ಲಿದ್ದು ಅಂತಹ ರೋಗಿಗಳನ್ನು ಕಾಣದಿದ್ದ ಹ್ಯಾಮಿಲ್ಟನ್ ನಗರದ ನಾಲ್ಕು ಆಸ್ಪತ್ರೆಗಳ ಸಿಬ್ಬಂದಿಯನ್ನೂ, ಒಟ್ಟು 769 ಮಂದಿಯನ್ನು ಹೋಲಿಸಿ ನೋಡಿದರು. ಮಾನಸಿಕ ಸಂಕಟವು ಹ್ಯಾಮಿಲ್ಟನ್ನಿನಲ್ಲಿ ನೂರಕ್ಕೆ 30 ಮಂದಿಯಲ್ಲಿದ್ದರೆ ಟೊರಾಂಟೊದಲ್ಲಿ ಸುಮಾರು 45 ಮಂದಿಯಲ್ಲಿತ್ತು; ಕೆಲಸದಿಂದ ಬೆಂದು ಬರಿದಾದ ಭಾವವು ಅಲ್ಲಿ 19 ಮಂದಿಯಲ್ಲಿ, ಇಲ್ಲಿ 30 ಮಂದಿಯಲ್ಲಿ. ರೋಗಿಗಳೊಡನೆ ನೇರವಾದ ಕೆಲಸವನ್ನೂ ದುಡಿಮೆಯ ಗಂಟೆಗಳನ್ನೂ ಕಡಮೆಮಾಡಿಕೊಂಡವರು, ಧೂಮಪಾನವನ್ನೂ ಮದ್ಯವನ್ನೂ ಹೆಚ್ಚಿಸಿಕೊಂಡವರು ಟೊರಾಂಟೊದಲ್ಲಿ ಅಧಿಕವಾಗಿದ್ದರು. ರೋಗ ತೊಲಗಿ ಎರಡು ವರ್ಷವಾಗುತ್ತ ಬಂದಿದ್ದರೂ ಅದರ ನೆರಳು ಕದಲಿರಲಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾಗದು. ಅದೇ ತಂಡದವರು ಸ್ವಲ್ಪ ಮಂದಿಯನ್ನು ಆರಿಸಿಕೊಂಡು ಕ್ರಮವಾಗಿ ಸಂದರ್ಶಿಸಿದಾಗ, ಸಾರ್ಸ್ ಅನಂತರ ಹೊಸದಾಗಿ ಮಾನಸಿಕ ವ್ಯಾಧಿಯೆಂದು ಗುರುತಿಸಬಹುದಾದ ಸ್ಥಿತಿಯನ್ನು ತಲಪಿದವರು ನೂರಕ್ಕೆ 5ರಷ್ಟು ಮಾತ್ರ ಕಂಡುಬಂದರು. ಎಂದರೆ ಬಹುಮಂದಿಯ ಸಂಕಟವು ವ್ಯಾಧಿಯ ಹೆಸರಿಗೆ ಒಳಪಡದ ಸಂಕಟ. 'ಆಘಾತೋತ್ತರ ಒತ್ತಡ'ವೆಂಬ ರೋಗನಾಮವು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದುದು 1980ರಲ್ಲಿ. ಅದರ ಲಕ್ಷಣಗಳು ಸ್ಪಷ್ಟವಾಗಿವೆ, ಅದಕ್ಕೆ ಚಿಕಿತ್ಸೆಯೂ ಉಂಟು, ಅದರಿಂದ ಬಳಲುವವರು ವೈದ್ಯರ ಬಳಿ ಹೋಗಲೇಬೇಕು. ಆದರೆ ನಿದ್ದೆ ತಿಳಿಯಾದವಳು, ಸಣ್ಣಮಾತಿಗೆ ಸಿಡುಕುವವಳು, ಪ್ರೀತಿಯ ಕೆಲಸದಲ್ಲಿ ರುಚಿ ಕಳೆದುಕೊಂಡವಳು, ಹೊಸ ರೋಗಿಯ ಹೆಸರನ್ನು ಕೇಳುವುದಕ್ಕೇ ಹಿಂಜರಿಯುವವಳು, ಇವರನ್ನೆಲ್ಲ ರೋಗಿಗಳೆಂದರೆ ತಪ್ಪಾಗುತ್ತದೆ. ಏನೂ ಆಗಿಲ್ಲವೆಂದರೆ ಇನ್ನೂ ದೊಡ್ಡ ತಪ್ಪಾಗುತ್ತದೆ.

ಈ ನಡುವಣ ಪ್ರದೇಶಕ್ಕೆ ಒಂದು ಹೆಸರನ್ನು ಕೊಟ್ಟವರು ಆಂಡ್ರ್ಯೂ ಜೇಮ್‌ಟನ್ ಎಂಬ ತತ್ತ್ವಶಾಸ್ತ್ರದ ವಿದ್ವಾಂಸರು. ದಾದಿಯರ ವೃತ್ತಿನೀತಿಯನ್ನು ಕುರಿತು 1984ರಲ್ಲಿ ಬರೆದ ಗ್ರಂಥದಲ್ಲಿ ಅವರು, ಮಾಡಬೇಕಾದ ಕಾರ್ಯ ಯಾವುದೆಂದು ಮನಸ್ಸಿಗೆ ನಿಚ್ಚಳವಾಗಿ ತಿಳಿದಿದ್ದರೂ ಸಂಸ್ಥೆಯ ಕಟ್ಟುಪಾಡುಗಳು ಅದನ್ನು ಮಾಡಗೊಡದಿರುವಾಗ ಉಂಟಾಗುವ ವೇದನೆಯನ್ನು ನೈತಿಕ ಸಂಕಟವೆಂದು ಕರೆದರು. ಸಾವಿನ ಭಯವಾದರೋ ರೋಗದ ಜೊತೆಗೆ ಬಂದು ರೋಗದ ಜೊತೆಗೆ ಹೋಗುತ್ತದೆ. ನಾಲ್ವರನ್ನು ನೋಡಬೇಕಾದವಳು ಹದಿನಾಲ್ವರನ್ನು ನೋಡುತ್ತಿದ್ದಾಗ, ಈ ಹಾಸಿಗೆಯಿಂದ ಆ ಹಾಸಿಗೆಗೆ ಓಡುವ ನಡುವೆ ಒಬ್ಬನ ಉಸಿರು ನಿಂತರೆ, ಆ ಕ್ಷಣವು ಮಾತ್ರ ಎಂದಿಗೂ ಹಳತಾಗುವುದಿಲ್ಲ. ತಾನು ತಪ್ಪುಮಾಡಿಲ್ಲವೆಂದು ಅವಳ ಬುದ್ಧಿ ಹೇಳುತ್ತದೆ, ಮನಸ್ಸು ಒಪ್ಪುವುದಿಲ್ಲ.

ಇಂತಹ ವೇದನೆಯನ್ನು ಆಸ್ಪತ್ರೆಗಳು ಹೇಗೆ ನಿರ್ವಹಿಸುತ್ತ ಬಂದಿವೆಯೆಂಬುದನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಕಂಡವರು ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ. ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಿದ್ಯಾರ್ಥಿ ದಾದಿಯರು ಏಕೆ ಕೆಲಸ ಬಿಟ್ಟುಹೋಗುತ್ತಾರೆಂಬುದನ್ನು ಪರಿಶೀಲಿಸಿ, 1960ರ ಹೊತ್ತಿಗೆ ಅವರು ಪ್ರಕಟಿಸಿದ ಪ್ರಬಂಧವು ಇಂದಿಗೂ ಹಳೆಯದಾಗಿಲ್ಲ. ಒಬ್ಬ ದಾದಿ ಒಬ್ಬ ರೋಗಿಯನ್ನು ಪೂರ್ತಿಯಾಗಿ ನೋಡಿಕೊಳ್ಳದಂತೆ ಕೆಲಸವನ್ನು ಚೂರುಚೂರಾಗಿ ಹಂಚುವುದು, ರೋಗಿಯನ್ನು ಹೆಸರು ಹಿಡಿದು ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅವಯವದಿಂದಲೋ ಕರೆಯುವುದು, ಪ್ರತಿಯೊಂದಕ್ಕೂ ವಿಧಿಯನ್ನು ಗೊತ್ತುಮಾಡಿ ನಿರ್ಧಾರದ ಭಾರವನ್ನು ಮೇಲಿನವರಿಗೆ ವರ್ಗಾಯಿಸುವುದು, ಇವೆಲ್ಲವೂ ಸಾವುನೋವುಗಳ ಸಾಮೀಪ್ಯದಿಂದ ಹುಟ್ಟುವ ತಲ್ಲಣವನ್ನು ತಡೆಯಲು ಸಂಸ್ಥೆಯು ತನಗರಿವಿಲ್ಲದೆಯೇ ಕಟ್ಟಿಕೊಂಡ ಕೋಟೆಗಳೆಂದು ಅವರು ತೋರಿಸಿದರು. ಆ ಕೋಟೆಯೊಳಗೆ ತಲ್ಲಣ ಕಡಮೆಯಾಗಲಿಲ್ಲ; ಬದಲಾಗಿ, ಒಬ್ಬ ಮನುಷ್ಯನನ್ನು ಗುಣಪಡಿಸಿ ಕಳುಹಿಸಿಕೊಟ್ಟೆನೆಂಬ ವೃತ್ತಿಯ ಏಕೈಕ ಸುಖವೂ ದಾದಿಗೆ ಇಲ್ಲದಂತಾಯಿತು. ನಮ್ಮ ಆಸ್ಪತ್ರೆಗಳಲ್ಲಿ ಡ್ಯೂಟಿ ಬದಲಾಗುವಾಗ 'ಬೆಡ್ ನಂಬರ್ ಆರು, ಸ್ಯಾಚುರೇಷನ್ ಕಡಿಮೆ' ಎಂದು ಒಬ್ಬಳು ಇನ್ನೊಬ್ಬಳಿಗೆ ಒಪ್ಪಿಸಿಹೋಗುವುದನ್ನು ಕೇಳಿದವರಿಗೆ ಮೆಂಜೀಸರ ಮಾತು ಪರದೇಶದ್ದೆಂದು ತೋರುವುದಿಲ್ಲ.

ನಮ್ಮ ನಾಡಿನ ಅನುಭವವಾದರೂ ಇದಕ್ಕೆ ತೀರ ಸಮೀಪದ್ದು. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡು, ಮಲಪ್ಪುರಂ ಜಿಲ್ಲೆಗಳಲ್ಲಿ ನಿಫಾ ರೋಗ ಕಾಣಿಸಿಕೊಂಡಾಗ, ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ, ತಾನು ಆರೈಕೆಮಾಡಿದ ರೋಗಿಯಿಂದ ಸೋಂಕು ತಗುಲಿ, ಇಬ್ಬರು ಪುಟ್ಟ ಗಂಡುಮಕ್ಕಳನ್ನು ಬಿಟ್ಟು, ಮೇ 21ರಂದು ತೀರಿಕೊಂಡರು. ಮಕ್ಕಳನ್ನು ಕುರಿತು ಪತಿಗೆ ಅವರು ಬರೆದಿಟ್ಟ ಚೀಟಿಯನ್ನು ದೇಶವೇ ಓದಿ ಕಣ್ಣೀರಿಟ್ಟಿತು. ಆ ಕಣ್ಣೀರು ಪ್ರಾಮಾಣಿಕವಾದುದೇ. ಅದೇ ದಿನಗಳಲ್ಲಿ ಅದೇ ಆಸ್ಪತ್ರೆಯ ಇತರ ದಾದಿಯರು, ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುತ್ತಾರೆಂದೂ ಆಟೋರಿಕ್ಷಾದವರು ಹತ್ತಿಸಿಕೊಳ್ಳುವುದಿಲ್ಲವೆಂದೂ ನೊಂದು ಹೇಳಿಕೊಂಡರು. ಮಂಗಳೂರು, ಉಡುಪಿ, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕನ್ನಡದ ಹುಡುಗಿಯರೂ ಮಲೆಯಾಳದ ಹುಡುಗಿಯರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತು, ಕೊಲ್ಲಿಯ ದೇಶಗಳಿಗೂ ಬ್ರಿಟನ್ನಿಗೂ ಹೋಗಿ ಅಲ್ಲಿನ ವಾರ್ಡುಗಳಲ್ಲಿ ಇರುಳು ಕಳೆಯುತ್ತಾರೆ. ಲಿನಿಯ ಸುದ್ದಿ ಅವರಿಗೆಲ್ಲ ಮನೆಯ ಸಾವಿನಂತೆ ಮುಟ್ಟಿತು. ಕೊರೋನಾ ಬಂದಾಗ, 2020ರ ಮಾರ್ಚ್ 22ರ ಸಂಜೆ ನಾವೆಲ್ಲರೂ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ತಟ್ಟೆ ಬಾರಿಸಿದೆವು. ಅದೇ ವಾರದಲ್ಲಿ ದಾದಿಯರನ್ನೂ ವೈದ್ಯರನ್ನೂ ಬಾಡಿಗೆಮನೆಯಿಂದ ಹೊರಡಿಸಿದ ಸುದ್ದಿಗಳು ಬಂದುವು. ಏಪ್ರಿಲ್ 22ರಂದು, ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆಮಾಡುವವರನ್ನು ಶಿಕ್ಷಿಸಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮೇ ತಿಂಗಳಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳನ್ನು ಬಿಟ್ಟು ಮಣಿಪುರದ ಹುಡುಗಿಯರು ಗುಂಪುಗುಂಪಾಗಿ ಊರಿಗೆ ಹೊರಟುಹೋದರು. ಪೂಜೆಯೂ ಬಹಿಷ್ಕಾರವೂ ಒಂದೇ ಕೈಯಿಂದ ಬಂದಾಗ ಮನುಷ್ಯಮಾತ್ರಳಾದವಳು ಯಾವುದನ್ನು ನಂಬಬೇಕು?

ವೀರೆಯೆಂಬ ಬಿರುದೂ ಒಂದು ಬಗೆಯ ಭಾರವೆಂಬುದನ್ನು ನಾನು ತಡವಾಗಿ ಕಲಿತೆ. ವೀರೆ ಅಳಬಾರದು, ಸಂಬಳದ ಮಾತಾಡಬಾರದು, ರಜೆ ಕೇಳಬಾರದು. ಫ್ಲಾರೆನ್ಸ್ ನೈಟಿಂಗೇಲ್ ದೀಪವನ್ನು ಹಿಡಿದು ವಾರ್ಡುಗಳಲ್ಲಿ ಸಂಚರಿಸಿದ ಚಿತ್ರವನ್ನು ಎಲ್ಲರೂ ಬಲ್ಲರು. 1856ರಲ್ಲಿ ಕ್ರೈಮಿಯಾದ ಯುದ್ಧದಿಂದ ಮರಳಿದಮೇಲೆ ಆಕೆ ವರ್ಷಗಟ್ಟಲೆ ರೋಗಿಯಾಗಿ, ಬಹುಕಾಲ ಕೋಣೆಯನ್ನು ಬಿಟ್ಟು ಹೊರಬಾರದೆ, ಹಾಸಿಗೆಯಿಂದಲೇ ತನ್ನ ಮಹತ್ಕಾರ್ಯವನ್ನು ನಡೆಸಿದಳೆಂಬುದು ಶಾಲೆಯ ಪಾಠಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಯುದ್ಧಭೂಮಿಯಲ್ಲಿ ತಗುಲಿದ ಜ್ವರವೇ ಉಳಿದುಕೊಂಡಿತೆಂದು ಕೆಲವರೂ, ಮನಸ್ಸಿನ ಗಾಯವೆಂದು ಕೆಲವರೂ ವಾದಿಸುತ್ತಾರೆ, ಎರಡೂ ಇದ್ದಿರಬಹುದು. ದೀಪದ ಜೊತೆಗೆ ಆ ಹಾಸಿಗೆಯನ್ನೂ ತೋರಿಸಿದ್ದರೆ ಎಷ್ಟು ದಾದಿಯರಿಗೆ ಸಮಾಧಾನವಾಗುತ್ತಿತ್ತೋ!

ಹಾಗಾದರೆ ಇವರಿಗೆ ನೆರವಾಗುವುದು ಯಾವುದು? ದುರಂತವಾದ ಕೂಡಲೇ ಎಲ್ಲರನ್ನೂ ಕೂಡಿಸಿ, ಆದುದನ್ನೆಲ್ಲ ಒಂದೇ ಬೈಠಕಿನಲ್ಲಿ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆಂಬ ನಂಬಿಕೆ ಒಂದು ಕಾಲದಲ್ಲಿ ಪ್ರಬಲವಾಗಿತ್ತು. ಕಾಕ್ರೇನ್ ಸಂಸ್ಥೆಯ 2002ರ ಸಮೀಕ್ಷೆಯು, ಅಂತಹ ಒತ್ತಾಯದ ಒಂದು ಸುತ್ತಿನ ಮಾತುಕತೆಯಿಂದ ಪ್ರಯೋಜನವಿಲ್ಲವೆಂದೂ ಕೆಲವರಿಗೆ ಕೇಡೂ ಆಗಬಹುದೆಂದೂ ಕಂಡುಕೊಂಡಿತು. ಗಾಯ ಹಸಿಯಾಗಿರುವಾಗ ಕೆದಕುವುದು ಬೇರೆ, ಅದು ತಾನಾಗಿ ಬಾಯಿಬಿಡುವ ಹೊತ್ತಿಗೆ ಬಳಿಯಲ್ಲಿರುವುದು ಬೇರೆ. ಟೊರಾಂಟೊದ ಅಧ್ಯಯನದಲ್ಲಿ ಯಾರ ಮನಸ್ಸು ಹೆಚ್ಚು ಉಳಿದುಕೊಂಡಿತೆಂದು ನೋಡಿದರೆ, ತಮಗೆ ಸರಿಯಾದ ತರಬೇತಿ ಸಿಕ್ಕಿತ್ತು, ರಕ್ಷಣೆಯಿತ್ತು, ಮೇಲಿನವರ ನೈತಿಕ ಬೆಂಬಲವಿತ್ತು ಎಂದು ನಂಬಿದವರದು. ಬಹುವರ್ಷಗಳ ಅನುಭವವೂ ಕವಚವಾಗಿತ್ತು. ಧ್ಯಾನ, ಪ್ರಾಣಾಯಾಮ, ಕೈತೋಟಗಳನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಹಾಸಿಗೆಗೆ ತಕ್ಕಷ್ಟು ದಾದಿಯರನ್ನು ನೇಮಿಸದೆ ಅವರಿಗೆ ಪ್ರಾಣಾಯಾಮವನ್ನು ಬೋಧಿಸುವುದು, ಅನ್ನವಿಡದೆ ತಾಳ್ಮೆಯನ್ನು ಉಪದೇಶಿಸಿದಂತೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, 1995ರಲ್ಲಿ ಅರ್ಬುದರೋಗದಿಂದ ತೀರಿಕೊಂಡ ಕೆನೆತ್ ಶ್ವಾರ್ಟ್ಸ್ ಎಂಬ ವಕೀಲರ ಹೆಸರಿನಲ್ಲಿ ಆರಂಭವಾದ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ವೈದ್ಯರು, ದಾದಿಯರು, ಆಯಾಗಳು ಎಲ್ಲರೂ ಆಗಾಗ ಒಂದು ಗಂಟೆಯ ಹೊತ್ತು ಸೇರಿ, ಚಿಕಿತ್ಸೆಯ ವಿಷಯವನ್ನು ಬಿಟ್ಟು, ಒಬ್ಬ ರೋಗಿಯನ್ನು ನೋಡಿಕೊಂಡಾಗ ತಮಗೇನಾಯಿತೆಂಬುದನ್ನು ಮಾತ್ರ ಹೇಳಿಕೊಳ್ಳುತ್ತಾರೆ. ಯಾರೂ ಪರಿಹಾರ ಸೂಚಿಸುವಂತಿಲ್ಲ, ಕೇಳುವುದಷ್ಟೇ ಕೆಲಸ.

ತಮ್ಮ ಮಾತಿಗೆ ಕಿವಿಗೊಡುವಂತೆ ಮಾಡಬೇಕೆಂಬ ಪಾಠವನ್ನು ಟೊರಾಂಟೊದ ದಾದಿಯರು ಸಾರ್ಸ್ ಕಾಲದಿಂದ ತಮ್ಮ ರೀತಿಯಲ್ಲಿ ಕಲಿತಿದ್ದರು. 2020ರಲ್ಲಿ ಕೊರೋನಾ ಬಂದಾಗ ಅವರ ಸಂಘವು, ಕೆಲವು ವೃದ್ಧಾಶ್ರಮಗಳಲ್ಲಿ ದಾದಿಯರಿಗೆ ಎನ್-95 ಮುಖಕವಚಗಳನ್ನು ಕೊಡುತ್ತಿಲ್ಲವೆಂದು ಸಾವುಗಳಾಗುತ್ತಿರುವಾಗಲೇ ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್ 23ರಂದು ತೀರ್ಪು ದಾದಿಯರ ಪರವಾಗಿ ಬಂದಿತು.

ಕಳೆದ ಆಷಾಢದ ಒಂದು ಮಧ್ಯಾಹ್ನ ನಮ್ಮ ಬೀದಿಯ ಆ ಹುಡುಗಿ, ನಾನು ಏನನ್ನೂ ಕೇಳದಿದ್ದರೂ, ಜಗುಲಿಯ ಮೇಲೆ ಕುಳಿತು ಹೇಳಿದಳು. ಘಟಕದೊಳಕ್ಕೆ ಮನೆಯವರಿಗೆ ಪ್ರವೇಶವಿಲ್ಲದುದರಿಂದ ರೋಗಿಗಳ ಮೊಬೈಲುಗಳನ್ನು ಹೆಸರು ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಸಿಗೆಯ ಪಕ್ಕದಲ್ಲೇ ಇಡುತ್ತಿದ್ದರಂತೆ. ದೇಹವನ್ನು ಸುತ್ತಿ ಸಾಗಿಸಿದ ಮೇಲೆಯೂ ಚೀಲ ಅಲ್ಲೇ ಉಳಿಯುತ್ತಿತ್ತು. ಮೊಬೈಲು ಮೊಳಗುತ್ತಲೇ ಇರುತ್ತಿತ್ತು. ಸಾವಿನ ಸುದ್ದಿಯನ್ನು ವೈದ್ಯರೇ ತಿಳಿಸಬೇಕೆಂಬುದು ನಿಯಮ. ಒಂದು ಇರುಳು ಡ್ಯೂಟಿಯಲ್ಲಿದ್ದ ಒಬ್ಬರೇ ವೈದ್ಯರು ಇನ್ನೊಂದು ಮಹಡಿಯಲ್ಲಿದ್ದರು. ಏಳೋ ಎಂಟೋ ಬಾರಿ ಮೊಳಗಿ ನಿಂತ ಮೊಬೈಲು ಮತ್ತೆ ಮೊಳಗಿದಾಗ ಇವಳು ಎತ್ತಿಬಿಟ್ಟಳು.

"ಆ ಕಡೆ ಅವರಮ್ಮ ಮಾವ. 'ಮಗ ಊಟ ಮಾಡಿದ್ನೇನವ್ವಾ' ಅಂದ್ರು. 'ಹೂಂ ಅಮ್ಮಾ, ಮಲಗಿದಾರೆ' ಅಂದೆ. 'ಮಲಗ್ಲಿ ಬಿಡು, ಎಬ್ಬಿಸ್ಬೇಡ' ಅಂದ್ರು. ಅವರು ಒಂದು ರಾತ್ರಿಯಾದ್ರೂ ನಿದ್ದೆ ಮಾಡ್ಲಿ ಅಂತ ಹಂಗಂದ್ನೋ, ನನ್ ಬಾಯಿಂದ ಹೇಳಕ್ಕಾಗ್ಲಿಲ್ಲ ಅಂತ ಅಂದ್ನೋ, ಇವತ್ತಿಗೂ ಗೊತ್ತಾಗ್ಲಿಲ್ಲ."

ಉತ್ತರವಾಗಿ ಹೇಳಬಹುದಾದ ಮಾತುಗಳು ನನ್ನ ಬಾಯಿಗೂ ಬಂದುವು, ಹೇಳಲಿಲ್ಲ. ಅವಳು ಆ ಹಾಸಿಗೆಯ ಸಂಖ್ಯೆಯನ್ನು ಹೇಳಲಿಲ್ಲ, ಆತನ ಹೆಸರನ್ನು ಹೇಳಿದಳು. ಊರು ಹಾಸನದ ಕಡೆಯದೆಂದಳು. ವಯಸ್ಸು ತನ್ನಷ್ಟೇ ಇತ್ತೆಂದಳು. ಆಮೇಲೆ ಇನ್ನೊಬ್ಬರ ಹೆಸರನ್ನು ಹೇಳಿದಳು, ಅವರ ಅನಂತರ ಮತ್ತೊಬ್ಬರದು. ಬಿಸಿಲು ಜಗುಲಿಯಿಂದ ಇಳಿದು ಅಂಗಳವನ್ನು ದಾಟಿತು. ಎಂಟು ಗಂಟೆಗೆ ನೈಟ್ ಡ್ಯೂಟಿಯಿದ್ದುದರಿಂದ ಅವಳು ಎದ್ದು, ಸೀರೆಯ ನೆರಿಗೆ ಸರಿಪಡಿಸಿಕೊಂಡು, "ಇನ್ನೂ ಇದಾರೆ ಮಾವ, ಭಾನುವಾರ ಬರ್ತೀನಿ" ಎಂದು ಹೇಳಿ ಹೊರಟಳು.